ಪೆಟ್ಟಿಗೆ ತೆರೆಯಲಿಲ್ಲ ಅಂತ ಮನೆ ಬಾಗಿಲು ಕೀಳಬೇಡ್ರಿ

ಖಟಕ ಚಿಂಚೋಳಿಯಲ್ಲಿ ನನ್ನ ಗೆಳೆಯನದೊಂದು ಫೋಟೊ ಸ್ಟುಡಿಯೊ ಇದೆ. ಅಲ್ಲಿ ಮೇಜಿನ ಕೆಳಗೆ, ರೂಟರ್ ಪಕ್ಕದಲ್ಲಿ ಒಂದು ಕರಿ ಪೆಟ್ಟಿಗೆ. ಒಳಗೆ ಎರಡು ಹಾರ್ಡ್‌ಡಿಸ್ಕ್. ನೆಟ್‌ವರ್ಕ್ ಸ್ಟೋರೇಜ್ ಅಂತಾರೆ. ಅಂಗಡಿಯ ಯಾವ ಕಂಪ್ಯೂಟರ್‌ನಲ್ಲಿ ಕೂತರೂ ಅದರೊಳಗಿನ ಫೋಟೊ ತೆಗೆಯಬಹುದು. ಹನ್ನೆರಡು ವರ್ಷದ ಮದುವೆ, ಜಾವಳ, ಜಾತ್ರೆ ಎಲ್ಲ ಅದರಲ್ಲೇ. ನಾನು ಪತ್ರಿಕೆಗೆ ಕಳಿಸಿದ ಫೋಟೊಗಳ ಮೂಲ ಪ್ರತಿಗಳೂ ಅಲ್ಲೇ ಇವೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಗೆಳೆಯ ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್ ತಂದ. ಅಂದಿನಿಂದ ಪೆಟ್ಟಿಗೆ ತೆರೆಯಲೊಲ್ಲದು. ಒಮ್ಮೆ ಹೆಸರು, ಪಾಸ್‌ವರ್ಡ್ ಕೇಳುತ್ತದೆ, ಲ್ಯಾಪ್‌ಟಾಪಿನ ಪಿನ್ ಹಾಕಿದರೆ ಒಪ್ಪುವುದಿಲ್ಲ. ಇನ್ನೊಮ್ಮೆ ಗೆಸ್ಟ್ ಆಗಿ ಒಳಗೆ ಬಿಡುವುದಿಲ್ಲ ಅನ್ನುತ್ತದೆ. ಅದೇ ಹೊತ್ತಿಗೆ ಪಕ್ಕದ ಓಣಿಯ ಕಾಕು ಬಂದರು. "ನಿಮ್ಮ ಕಾಕಾನ ಫೋಟೊ ದೊಡ್ಡದು ಮಾಡಿ ಕೊಡು ತಮ್ಮಾ, ನಾಡಿದ್ದು ಪುಣ್ಯತಿಥಿ ಅದ." ಆ ಫೋಟೊ ಇದ್ದದ್ದು ಆ ಪೆಟ್ಟಿಗೆಯೊಳಗೆ ಮಾತ್ರ.

ತಾಲ್ಲೂಕಿನ ಒಂದು ರಿಪೇರಿ ಅಂಗಡಿಗೆ ಫೋನ್ ಹೋಯಿತು. ಹುಡುಗ ದೂರದಿಂದಲೇ ಲ್ಯಾಪ್‌ಟಾಪ್ ಒಳಗೆ ಬಂದ. ಎಸ್‌ಎಂಬಿ 1 ಆನ್ ಮಾಡಿದ, ಗೆಸ್ಟ್‌ಗೆ ಅನುಮತಿ ಕೊಟ್ಟ, ಸಹಿ ಕೇಳುವುದನ್ನು ಆಫ್ ಮಾಡಿದ. ಐದು ನಿಮಿಷ, ಮುನ್ನೂರು ರೂಪಾಯಿ. ಪೆಟ್ಟಿಗೆ ತೆರೆಯಿತು, ಎಲ್ಲರಿಗೂ ಖುಷಿ. ನನ್ನ ತಕರಾರು ಇರುವುದು ಈ ಐದು ನಿಮಿಷದ ಮೇಲೆಯೇ.

ಎಸ್‌ಎಂಬಿ ಅಂದರೆ ಕಂಪ್ಯೂಟರ್ ಮತ್ತು ಪೆಟ್ಟಿಗೆ ಫೈಲ್ ಕೊಡು-ತೆಗೆದುಕೊಳ್ಳಲು ಆಡುವ ಭಾಷೆ. ಅದರ ಮೊದಲ ರೂಪ 1980ರ ದಶಕದ್ದು. 2017ರ ಮೇ 12ರಂದು ವನ್ನಾಕ್ರೈ ಎಂಬ ವೈರಸ್ ವಿಂಡೋಸ್‌ನ ಎಸ್‌ಎಂಬಿ 1ರೊಳಗಿನ ತೂತಿನಿಂದಲೇ ನುಗ್ಗಿ ದೇಶ ದೇಶಗಳ ಕಂಪ್ಯೂಟರ್‌ಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ರದ್ದಾದವು. ಆ ತೂತು ಮುಚ್ಚುವ ಅಪ್‌ಡೇಟ್ ಎರಡು ತಿಂಗಳು ಮೊದಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ವರ್ಷದ ಕೊನೆಯ ಹೊತ್ತಿಗೆ ಹೊಸದಾಗಿ ಹಾಕುವ ವಿಂಡೋಸ್ 10ರಲ್ಲಿ ಎಸ್‌ಎಂಬಿ 1 ತಾನಾಗಿ ಬರುವುದು ನಿಂತಿತು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊ ಇನ್ನೂ ಬಿಗಿ. ಬರುವ ಪ್ರತಿ ಮಾತಿಗೂ ಸಹಿ ಬೇಕು ಅನ್ನುತ್ತದೆ. ಆ ಸಹಿ ಹುಟ್ಟುವುದು ಪಾಸ್‌ವರ್ಡ್‌ನಿಂದ. ಗೆಸ್ಟ್‌ಗೆ ಪಾಸ್‌ವರ್ಡ್ ಇಲ್ಲ, ಹಾಗಾಗಿ ಸಹಿಯೂ ಇಲ್ಲ.

ಇದು ಸರಿಯಾದ ಬೀಗ. ನಮ್ಮ ಸ್ಟುಡಿಯೊದ ವೈಫೈ ಪಾಸ್‌ವರ್ಡ್ ಫೋಟೊ ಕಳಿಸಲು ಬಂದ ಗಿರಾಕಿಗಳಿಗೆಲ್ಲ ಗೊತ್ತು. ಗೆಸ್ಟ್ ಬಾಗಿಲು ತೆರೆದಿದ್ದರೆ ಅವರಲ್ಲಿ ಯಾರು ಬೇಕಾದರೂ ಊರಿನ ಹೆಣ್ಣುಮಕ್ಕಳ ಫೋಟೊ ನೋಡಬಹುದು, ಅಳಿಸಲೂಬಹುದು. ಒಬ್ಬರ ಲ್ಯಾಪ್‌ಟಾಪಿನ ವೈರಸ್ ಎಲ್ಲ ಆಲ್ಬಂಗೆ ಬೀಗ ಹಾಕಬಹುದು. ಹಾಗಿದ್ದರೆ ಹನ್ನೆರಡು ವರ್ಷ ಏನೂ ಆಗಲಿಲ್ಲವಲ್ಲ ಅಂತೀರಾ? ಬಣವಿಗೂ ಬೆಂಕಿ ಹತ್ತುವ ದಿನದ ತನಕ ಏನೂ ಆಗಿರುವುದಿಲ್ಲ.

"ಮತ್ತ ಹೊಸಾದು ತಗೋಬೇಕೇನು? ರೊಕ್ಕ ನೀ ಕೊಡ್ತಿ?" ಎಂದ ಗೆಳೆಯ. ನ್ಯಾಯವಾದ ಪ್ರಶ್ನೆ. ಆದರೆ ಹೊಸದು ಬೇಕಾಗಲೇ ಇಲ್ಲ. ಹುಡುಗ ಮಾಡಿದ್ದನ್ನೆಲ್ಲ ಹಿಂದೆ ತೆಗೆದೆವು. ಬ್ರೌಸರ್‌ನಲ್ಲಿ ಪೆಟ್ಟಿಗೆಯ ಐಪಿ ವಿಳಾಸ ಹಾಕಿ ಅದರ ಸೆಟ್ಟಿಂಗ್ ಪುಟಕ್ಕೆ ಹೋದೆವು. ಅದಕ್ಕೆ ಎಸ್‌ಎಂಬಿ 2 ಬರುತ್ತಿತ್ತು, ಆದರೆ ಯಾರೂ ಆನ್ ಮಾಡಿರಲಿಲ್ಲ. ಆನ್ ಮಾಡಿ, ಸಿಕ್ಕ ಕೊನೆಯ ಅಪ್‌ಡೇಟ್ ಹಾಕಿ, ಗೆಸ್ಟ್ ಮುಚ್ಚಿ, ಹೊಸ ಬಳಕೆದಾರನನ್ನು ಮಾಡಿ ಗಟ್ಟಿ ಪಾಸ್‌ವರ್ಡ್ ಇಟ್ಟೆವು.

ಆದರೂ ಲಾಗಿನ್ ಆಗಲಿಲ್ಲ. ಲ್ಯಾಪ್‌ಟಾಪ್ ಹಳೆಯ ತಪ್ಪು ಹೆಸರನ್ನೇ ನೆನಪಿಟ್ಟುಕೊಂಡಿತ್ತು. ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ವಿಂಡೋಸ್ ಕ್ರೆಡೆನ್ಶಿಯಲ್ಸ್ ಒಳಗೆ ಆ ಪೆಟ್ಟಿಗೆಯ ಹಳೆ ದಾಖಲೆ ಅಳಿಸಿ ರೀಸ್ಟಾರ್ಟ್ ಮಾಡಿದೆವು. ಬಳಕೆದಾರನ ಜಾಗದಲ್ಲಿ ಮೊದಲು ಪೆಟ್ಟಿಗೆಯ ಹೆಸರು, ಆಮೇಲೆ ಹಿಂದಕ್ಕೆ ಬಾಗಿದ ಗೆರೆ, ಆಮೇಲೆ ಹೊಸ ಬಳಕೆದಾರನ ಹೆಸರು ಬರೆದೆವು. ಲ್ಯಾಪ್‌ಟಾಪಿನ ಪಿನ್ ಇಲ್ಲಿ ನಡೆಯುವುದಿಲ್ಲ, ಅದು ಆ ಲ್ಯಾಪ್‌ಟಾಪಿಗೆ ಮಾತ್ರ. ತೆರೆಯಿತು. ಒಂದು ಗಂಟೆ ಹಿಡಿಯಿತು, ರೊಕ್ಕ ಖರ್ಚಾಗಲಿಲ್ಲ.

ಎಸ್‌ಎಂಬಿ 1 ಬಿಟ್ಟು ಬೇರೆ ಏನೂ ಬಾರದ ಪೆಟ್ಟಿಗೆಗಳೂ ಇವೆ. ಅಂಥದಕ್ಕೆ ರೂಟರ್‌ನ ಇಂಟರ್ನೆಟ್ ತಂತಿ ಕಿತ್ತು, ಒಂದು ಸಲಕ್ಕೆ ಮಾತ್ರ ಹಳೆ ಭಾಷೆ ಆನ್ ಮಾಡಿ, ಎಲ್ಲ ಫೈಲನ್ನು ಬೇರೆ ಹಾರ್ಡ್‌ಡಿಸ್ಕ್‌ಗೆ ಇಳಿಸಿ, ಮತ್ತೆ ಆಫ್ ಮಾಡಿ. ಡಿಸ್ಕ್ ಬಿಚ್ಚಿ ನೇರ ಲ್ಯಾಪ್‌ಟಾಪಿಗೆ ಸಿಕ್ಕಿಸುವವರು ಹುಷಾರ್. ಈ ಪೆಟ್ಟಿಗೆಗಳ ಡಿಸ್ಕ್ ಸಾಮಾನ್ಯವಾಗಿ ಲಿನಕ್ಸ್ ರೀತಿಯದು, ವಿಂಡೋಸ್‌ಗೆ ಓದಲು ಬರುವುದಿಲ್ಲ. "ಫಾರ್ಮ್ಯಾಟ್ ಮಾಡಲೇ?" ಎಂದು ಕೇಳಬಹುದು. ಹೂಂ ಅಂದರೆ ಹನ್ನೆರಡು ವರ್ಷ ಹೋಯಿತು.

ರಿಪೇರಿ ಹುಡುಗನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಸಿಟ್ಟಿರುವುದು ಪೆಟ್ಟಿಗೆ ಮಾರುವವರ ಮೇಲೆ. ಕೀಟನಾಶಕದ ಬಾಟಲಿ ಮೇಲೆ ಅವಧಿ ಮುಗಿಯುವ ದಿನಾಂಕ ಇರುತ್ತದೆ. ಇಷ್ಟು ದುಡ್ಡಿನ ಪೆಟ್ಟಿಗೆಗೆ ಯಾವ ವರ್ಷದ ತನಕ ಅಪ್‌ಡೇಟ್ ಬರುತ್ತದೆ ಎಂದು ನಮ್ಮ ಸ್ಟುಡಿಯೊಗೆ ಯಾರೂ ಹೇಳಲಿಲ್ಲ, ಡಬ್ಬಿಯ ಮೇಲೂ ಬರೆದಿರಲಿಲ್ಲ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ, ನೆಟ್‌ಗೆ ಸೇರುವ ಗೃಹಬಳಕೆ ಸಾಧನ ಮಾಡುವವರು ಎಷ್ಟು ಕಾಲ ಸುರಕ್ಷಾ ಅಪ್‌ಡೇಟ್ ಕೊಡುತ್ತೇವೆ ಎಂದು ಹೇಳಲೇಬೇಕು, ಕಾನೂನೇ ಇದೆ. ಭಾಲ್ಕಿಯ ಗಿರಾಕಿ ಕೊಡುವುದೂ ರೊಕ್ಕವೇ ಅಲ್ಲವೇ? ಮುಂದಿನ ಸಲ ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ಈ ದಿನಾಂಕ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಕಾಕು ಮರುದಿನ ಬಂದು ಫೋಟೊ ಒಯ್ದರು. ಗೆಳೆಯ ಹೊಸ ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರ್ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದ. ಆ ಹಾಳೆ ಹರಿಸಿ, ಪಾಸ್‌ವರ್ಡ್ ಮತ್ತೊಮ್ಮೆ ಬದಲಿಸಿ ಬಂದೆ.