ನ್ಯೂಟ್ರಲ್ ಇರೋದು ಯಾಕೆ?

ಹೋದ ತಿಂಗಳು ಪಾವಗಡದಿಂದ ವೈ.ಎನ್.ಹೊಸಕೋಟೆಗೆ ಕಾರಿನಲ್ಲಿ ಹೊರಟಿದ್ದೆ. ಪಕ್ಕದಲ್ಲಿ ಸೋದರಮಾವ. ಒಂದು ಲಾರಿಯನ್ನು ಹಿಂದೆ ಹಾಕಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಪೆಡಲ್ ಮೇಲೆ ಬರಲೇ ಇಲ್ಲ! ಹೊಸದಾಗಿ ಹಾಕಿಸಿದ್ದ ದಪ್ಪ ಮ್ಯಾಟು ಮುಂದಕ್ಕೆ ಜಾರಿ ಅದನ್ನು ಹಿಡಿದುಕೊಂಡಿತ್ತು. ಎದುರಿಗೆ ಕುರಿಮಂದೆ.

ಇಂಜಿನಿಯರಿಂಗ್ ಓದಿದ ನಾನು ಮಾಡಿದ್ದೇನು? ಕೀಗೆ ಕೈ ಹಾಕಿದ್ದು.

"ಕೀ ಮುಟ್ಬ್ಯಾಡ! ಕ್ಲಚ್ ತುಳಿ, ನ್ಯೂಟ್ರಲ್ ಮಾಡು" ಅಂತ ಮಾವ ಕೈಗೇ ಒಂದೇಟು ಕೊಟ್ಟರು. ಮಾಡಿದೆ. ಇಂಜಿನ್ ಅರಚಿಕೊಂಡಿತು, ಆದರೆ ಬ್ರೇಕ್ ಹಿಡಿಯಿತು, ಕಾರು ನಿಂತಿತು. ಕುರಿಗಳು ಆರಾಮಾಗಿ ದಾಟಿಕೊಂಡು ಹೋದವು. ನನ್ನ ಕಾಲು ಮಾತ್ರ ಇನ್ನೂ ನಡುಗುತ್ತಿತ್ತು.

2009ರ ಆಗಸ್ಟ್ 28ರಂದು ಅಮೆರಿಕದ ಸ್ಯಾನ್ ಡಿಯಾಗೋ ಬಳಿ ಹೀಗೇ ಮ್ಯಾಟಿಗೆ ಪೆಡಲ್ ಸಿಕ್ಕಿಕೊಂಡು ಲೆಕ್ಸಸ್ ಕಾರಿನಲ್ಲಿದ್ದ ನಾಲ್ವರೂ ಸತ್ತರು. ಓಡಿಸುತ್ತಿದ್ದವರು ಹೆದ್ದಾರಿ ಪೊಲೀಸ್ ಅಧಿಕಾರಿ! ಆಮೇಲೆ ಟೊಯೊಟಾ ಸುಮಾರು 38 ಲಕ್ಷ ಕಾರುಗಳ ಮ್ಯಾಟು ತೆಗೆಯಲು ಹೇಳಿತು. ಅಂಥ ಅನುಭವಿಗೇ ಹಾಗಾದರೆ ನಮ್ಮಂಥವರ ಗತಿ?

ತಮಾಷೆ ಅಂದರೆ, ನಮ್ಮ ಕಡೆ ನ್ಯೂಟ್ರಲ್ ಗೊತ್ತಿಲ್ಲದವರಿಲ್ಲ. ಇಳಿಜಾರು ಬಂದರೆ ಸಾಕು, ಡೀಸೆಲ್ ಉಳಿಸಲು ನ್ಯೂಟ್ರಲ್. ಅಲ್ಲಿ ಇಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಈಗಿನ ಇಂಜಿನ್‌ಗಳಲ್ಲಂತೂ ಗೇರಿನಲ್ಲೇ ಇಟ್ಟು ಕಾಲು ತೆಗೆದರೆ ಇಂಧನ ತಾನೇ ನಿಲ್ಲುತ್ತದೆ, ಉಳಿತಾಯವೂ ಸುಳ್ಳು. ಹಾಕಬಾರದ ಕಡೆ ಹಾಕುತ್ತೇವೆ, ಹಾಕಲೇಬೇಕಾದಾಗ ನೆನಪಾಗುವುದಿಲ್ಲ.

ಕೀ ಯಾಕೆ ಬೇಡ ಅಂದರೆ, ಓಡುತ್ತಿರುವಾಗ ಇಂಜಿನ್ ಆರಿಸಿದರೆ ಬ್ರೇಕು, ಸ್ಟೀರಿಂಗು ಎರಡೂ ಬಿಗಿಯಾಗುತ್ತವೆ. ಕೀ ಎಳೆದರೆ ಸ್ಟೀರಿಂಗೇ ಲಾಕ್ ಆಗಬಹುದು. ಮೊದಲು ನ್ಯೂಟ್ರಲ್, ಕಾರು ನಿಂತ ಮೇಲೆ ಕೀ. ಆಟೋಮ್ಯಾಟಿಕ್ ಆದರೆ 'ಡಿ'ಯಿಂದ 'ಎನ್'ಗೆ ತಳ್ಳಿ. ಬ್ರೇಕನ್ನು ಪದೇ ಪದೇ ಒತ್ತಬೇಡಿ, ಒಂದೇ ಸಲ ಗಟ್ಟಿಯಾಗಿ ತುಳಿದು ಹಿಡಿಯಿರಿ. ಗೇರಿಲ್ಲದ ಸ್ಕೂಟರಿಗೆ ಮಾತ್ರ ನ್ಯೂಟ್ರಲ್ಲೇ ಇಲ್ಲ, ಅಲ್ಲಿ ಕೀ ಆಫ್ ಮಾಡುವುದೇ ದಾರಿ.

ಡ್ರೈವಿಂಗ್ ಸ್ಕೂಲಿನಲ್ಲಿ ನನಗೆ ಎಂಟು ಹಾಕಿಸಿದರು, ಹಿಂದಕ್ಕೆ ತೆಗೆಸಿದರು. ಇದನ್ನು ಯಾರೂ ಹೇಳಿಕೊಡಲಿಲ್ಲ. ಲೈಸೆನ್ಸ್ ಕೊಡುವ ಮುಂಚೆ "ಪೆಡಲ್ ಸಿಕ್ಕಿಕೊಂಡರೆ ಏನ್ ಮಾಡ್ತೀಯಪ್ಪ?" ಅಂತ ಒಂದು ಮಾತು ಕೇಳಿದರೆ ಸಾಕಿತ್ತು. ಜೀವಮಾನವಿಡೀ ಟ್ರಾಕ್ಟರ್ ಓಡಿಸಿದ ಮಾವ ಎಲ್ಲರ ಪಕ್ಕದಲ್ಲೂ ಕೂತಿರುವುದಿಲ್ಲವಲ್ಲ.

ನಿಮಗೆ ಯಾರಾದರೂ ಹೇಳಿಕೊಟ್ಟಿದ್ದರಾ? ಇಲ್ಲದಿದ್ದರೆ ಈ ಭಾನುವಾರ ಖಾಲಿ ಮೈದಾನದಲ್ಲಿ, ನಿಧಾನವಾಗಿ, ಒಮ್ಮೆ ಮಾಡಿ ನೋಡಿ. ಹಾಗೇ ಕಾಲಡಿಯ ಮ್ಯಾಟನ್ನೂ.