ಅಪರಿಚಿತರಲ್ಲಿ ಆಶ್ರಯ

ಜೀವದ ಮೇಲೆ ಬೇಸರಗೊಂಡ ಮನುಷ್ಯನು ನಡುರಾತ್ರಿಯಲ್ಲಿ ಹೆಂಡತಿಯನ್ನು ಎಬ್ಬಿಸದೆ, ಅಣ್ಣನ ಬಾಗಿಲು ತಟ್ಟದೆ, ಹೆಸರು ಮುಖಗಳನ್ನರಿಯದ ಯಾರೋ ಒಬ್ಬರಲ್ಲಿ ತನ್ನ ಸಂಕಟವನ್ನು ತೋಡಿಕೊಳ್ಳುವುದು ಈಗ ನಗರಗಳಲ್ಲಿ ಮಾತ್ರವಲ್ಲ, ಹಳ್ಳಿಗಳಲ್ಲಿಯೂ ಸಾಧ್ಯವಾಗಿದೆ. ಕೈಯಲ್ಲೊಂದು ಮೊಬೈಲು ಇದ್ದರೆ ಸಾಕು. ಇದನ್ನು ಕಂಡು ನಮ್ಮ ಸುಶಿಕ್ಷಿತರಲ್ಲಿ ಹಲವರು ಮೂಗು ಮುರಿಯುತ್ತಾರೆ. ಅವಿಭಕ್ತ ಕುಟುಂಬಗಳೂ ಊರ ಹಿರಿಯರೂ ಇದ್ದ ನಾಡಿನಲ್ಲಿ ಮನೆಯ ಗುಟ್ಟನ್ನು ಪರರ ಮುಂದೆ ಬಿಚ್ಚುವ ಈ ರೂಢಿಯು ಪಶ್ಚಿಮದಿಂದ ಬಂದ ಪಿಡುಗೆಂಬುದು ಅವರ ಅಭಿಪ್ರಾಯ. ನಾವು ಇದನ್ನು ಒಪ್ಪಲಾರೆವು.

ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯಂಥ ಊರನ್ನೇ ತೆಗೆದುಕೊಳ್ಳೋಣ. ಅದು ಮೆಣಸಿನಕಾಯಿ, ಹತ್ತಿ, ಬತ್ತಗಳ ಸೀಮೆ. ಮೆಣಸಿನಕಾಯಿಯು ಕೈತುಂಬ ಹಣ ಬೇಡುವ ಬೆಳೆ. ಆ ಹಣವು ಬ್ಯಾಂಕಿನಿಂದಷ್ಟೇ ಬರುವುದಿಲ್ಲ, ದಲಾಲಿ ಅಂಗಡಿಯ ಮುಂಗಡದಿಂದ, ಗೊಬ್ಬರದ ಅಂಗಡಿಯ ಉದ್ದರಿಯಿಂದ, ಬಂಧುಗಳ ಕೈಗಡದಿಂದ ಕೂಡಿಬರುತ್ತದೆ. ದರ ಕುಸಿದರೆ ಏನಾಗುವುದೆಂಬುದನ್ನು 2024ರ ಮಾರ್ಚಿಯಲ್ಲಿ ಬ್ಯಾಡಗಿಯ ಮಾರುಕಟ್ಟೆಯಲ್ಲಿ ನಾಡೇ ಕಂಡಿತು. ಅದೇ ವರ್ಷದ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಕಾಲುವೆಯ ಕೆಳಗಿನ ಊರುಗಳ ಎದೆ ನಡುಗಿದುದನ್ನು ಹೇಳಬೇಕಾಗಿಲ್ಲ. ಇಂಥ ಕಾಲದಲ್ಲಿ ಕೈಸೋತ ರೈತನು ತನ್ನ ಸಂಕಟವನ್ನು ಯಾರಲ್ಲಿ ಹೇಳಬೇಕು? ಅಂಗಡಿಯವನು ಸಾಲ ಕೊಟ್ಟವನು. ಭಾವಮೈದುನನು ಕೈಗಡ ಕೊಟ್ಟವನು. ಊರ ಹಿರಿಯರು ಅವನ ಮಗಳಿಗೆ ಸಂಬಂಧ ಕುದುರಿಸುತ್ತಿರುವವರು. ಬಾಯಿ ಬಿಟ್ಟರೆ ಮರುದಿನವೇ ಮರ್ಯಾದೆ ಬೀದಿಗೆ ಬಂದೀತು. ಅಪರಿಚಿತನಿಗೆ ಅವನಿಂದ ಬರತಕ್ಕ ಬಾಕಿಯಿಲ್ಲ. ಅವನನ್ನು ಅತ್ತ ಎಳೆಯುವುದು ಈ ಒಂದು ಗುಣವೇ ಹೊರತು ಪಶ್ಚಿಮದ ಗಾಳಿಯಲ್ಲ.

ಸಾಲವೊಂದೇ ಕಾರಣವೆಂದು ನಾವು ಹೇಳುತ್ತಿಲ್ಲ. ರೋಗ, ಕುಡಿತ, ಮನೆಯ ಕಲಹ, ಚಿಕಿತ್ಸೆಯಿಲ್ಲದ ಮನೋವ್ಯಾಧಿಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಹೊಸ ಸೊಸೆಯ ಪಾಡೂ ಬೇರೆಯಲ್ಲ: ತವರಿಗೆ ಹೇಳಿದರೆ ತವರು ನೊಂದೀತು, ಗಂಡನ ಮನೆಯಲ್ಲಿ ಹೇಳಿದರೆ ಮಾತು ಬೆಳೆದೀತು. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಭಾರತದಲ್ಲಿ 1,70,924 ಜನರು ಹೀಗೆ ಅಳಿದರು, ಕರ್ನಾಟಕದಲ್ಲಿ 13,606. ಇವರಲ್ಲಿ ಬೇಸಾಯವನ್ನು ನಂಬಿದ ರೈತ ಕೂಲಿಕಾರರು 2,392. ರೈತನು ಸತ್ತ ಮೇಲೆ ಅವನ ಕಾಗದಪತ್ರಗಳನ್ನು ಪರಿಶೀಲಿಸಲು ನಮ್ಮಲ್ಲಿ ಅಧಿಕಾರಿಗಳ ಸಮಿತಿಯುಂಟು. ಬದುಕಿದ್ದಾಗ ಅವನ ಮಾತನ್ನು ಕೇಳಲು ಯಾವ ಸಮಿತಿಯಿದೆ?

ಮೌನಕ್ಕೆ ಮತ್ತೊಂದು ಕಾರಣ ನಮ್ಮನ್ನಾಳಿದ ಪರಕೀಯರು ಬಿಟ್ಟುಹೋದ ಶಾಸನ. 1860ರ ದಂಡಸಂಹಿತೆಯ 309ನೆಯ ಕಲಮು ಸಾಯಲೆತ್ನಿಸಿ ಉಳಿದವನಿಗೆ ಒಂದು ವರ್ಷದವರೆಗೆ ಸೆರೆವಾಸವನ್ನು ವಿಧಿಸಬಹುದೆಂದಿತು. ನೊಂದವನನ್ನು ಅಪರಾಧಿಯೆಂದು ಕರೆದ ಈ ಕಲಮು ಸ್ವರಾಜ್ಯ ಬಂದು ಎಪ್ಪತ್ತು ವರ್ಷ ಕಳೆದರೂ ಪುಸ್ತಕದಲ್ಲಿ ಉಳಿದಿತ್ತೆಂಬುದು ನಮಗೆ ನಾಚಿಕೆಯ ವಿಷಯ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಅಂಥವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಅವನ ಆರೈಕೆ ಸರಕಾರದ ಹೊಣೆಯೆಂದು ಸಾರಿತು. 2024ರ ಜುಲೈ 1ರಂದು ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಹಳೆಯ ಕಲಮು ಇಲ್ಲ. ಸರಕಾರಿ ನೌಕರನ ಕರ್ತವ್ಯವನ್ನು ತಡೆಯಲೆಂದೋ ಅವನನ್ನು ಬಲವಂತಪಡಿಸಲೆಂದೋ ಮಾಡುವ ಪ್ರಯತ್ನ ಮಾತ್ರ ಅಪರಾಧವಾಗಿ ಉಳಿದಿದೆ. ಆದರೆ ಹಳ್ಳಿಯವರಿಗೆ ಇದನ್ನು ಹೇಳಿದವರಾರು? ಪೋಲೀಸರ ಭಯವು ಕಾಯಿದೆಯೊಡನೆ ರದ್ದಾಗುವುದಿಲ್ಲ.

ಅಪರಿಚಿತನ ಕಿವಿಗೆ ಎಷ್ಟು ಶಕ್ತಿಯುಂಟೆಂಬುದಕ್ಕೆ ಲಂಡನ್ನಿನ ಒಂದು ಸಂಗತಿಯನ್ನು ಹೇಳಬಹುದು. 1953ರಲ್ಲಿ ಚಾಡ್ ವಾರಾ ಎಂಬ ಪಾದ್ರಿಯು ಹತಾಶರಾದವರು ತನಗೆ ದೂರವಾಣಿ ಮಾಡಲಿ, ಬಂದು ಕಾಣಲಿ ಎಂದು ಪ್ರಕಟಿಸಿದನು. ಬಂದವರನ್ನು ಕೂರಿಸಿ ಚಹಾ ಕೊಟ್ಟು ಮಾತನಾಡಿಸಲು ಕೆಲವು ಸಾಮಾನ್ಯ ಜನರು ಮುಂದೆ ಬಂದರು. ಹಲವರು ಅವರೊಡನೆ ಮಾತನಾಡಿಯೇ ಹಗುರಾಗಿ, ಪಾದ್ರಿಯನ್ನು ಕಾಣದೆ ಹಿಂದಿರುಗುತ್ತಿದ್ದರು! ಮರುವರ್ಷ ಅವನು ಕೆಲಸವನ್ನು ಅವರಿಗೇ ಒಪ್ಪಿಸಿದನು. ಚೆನ್ನೈಯ ಸ್ನೇಹಾ ಸಂಸ್ಥೆ 1986ರಿಂದ ಇದೇ ಸೇವೆ ಮಾಡುತ್ತಿದೆ. 2022ರ ಅಕ್ಟೋಬರ್ 10ರಂದು ಭಾರತ ಸರಕಾರವು ಟೆಲಿ ಮಾನಸ್ ಎಂಬ ಸಹಾಯವಾಣಿಯನ್ನು ಆರಂಭಿಸಿತು. 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಯಾರೂ ಖರ್ಚಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಲೇಖನವನ್ನು ಓದುತ್ತಿರುವವರಲ್ಲಿಯೇ ಅಂಥ ಭಾರವನ್ನು ಹೊತ್ತವರಿದ್ದರೆ ಅವರು ಈ ಪತ್ರಿಕೆಯನ್ನು ಕೆಳಗಿಟ್ಟು ಮೊದಲು ಆ ಕೆಲಸವನ್ನು ಮಾಡಲಿ.

ಆದರೆ ಅಪರಿಚಿತರೆಲ್ಲರೂ ಒಂದೇ ಅಲ್ಲ. ತರಬೇತಿಯಿಲ್ಲದ ಕುತೂಹಲಿಯು ಬೋಧನೆಗೆ ತೊಡಗಿಯಾನು, ಹೆದರಿ ಮಾತು ನಿಲ್ಲಿಸಿಯಾನು. ಕ್ರೂರಿಯಾದವನು ಕೆಣಕಿಯೂ ಕೆಣಕಿಯಾನು. ಬಲ್ಲವನಾದರೂ ದೂರದಲ್ಲಿದ್ದುಕೊಂಡು ಒಂದು ರಾತ್ರಿಯನ್ನು ದಾಟಿಸಬಲ್ಲನು; ಮರುದಿನದ ಔಷಧವನ್ನೂ ಮುಂದಿನ ವಾರದ ವಿಚಾರಣೆಯನ್ನೂ ಹತ್ತಿರವಿದ್ದವರೇ ಮಾಡಬೇಕು.

ಇಲ್ಲಿಯೇ ಬಳ್ಳಾರಿಯು ತನ್ನದೇ ಚರಿತ್ರೆಯನ್ನು ನೆನೆಯಬೇಕಾಗಿದೆ. 1980ರ ದಶಕದ ನಡುವಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯಬಹುದೇ ಎಂದು ಪರೀಕ್ಷಿಸಲು ಆರಿಸಿದುದು ಈ ಜಿಲ್ಲೆಯನ್ನು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಅವಶ್ಯವಾದ ಕೆಲವೇ ಔಷಧಗಳನ್ನು ಅಲ್ಲಿಯೇ ಇಟ್ಟರು. ಸರಳವಾದ ದಾಖಲೆಗಳನ್ನು ಬರೆಯಿಸಿದರು. 1996ರಲ್ಲಿ ಭಾರತ ಸರಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಹೊರಡಿಸಿದಾಗ ಅದಕ್ಕೆ ಆಧಾರವಾದುದು ಈ ಬಳ್ಳಾರಿಯ ಮಾದರಿ. ದಿಲ್ಲಿಯಿಂದ ಬಳ್ಳಾರಿಗೆ ಬಂದ ಯೋಜನೆಗಳು ಅನೇಕ. ಬಳ್ಳಾರಿಯಿಂದ ದಿಲ್ಲಿಗೆ ಹೋದವು ಬೆರಳೆಣಿಕೆಯಷ್ಟು. ದೇಶಕ್ಕೆ ಪಾಠ ಕಲಿಸಿದ ಜಿಲ್ಲೆಯಲ್ಲಿ ಇಂದು ಎಷ್ಟು ಮಂದಿಗೆ ಆ ಪಾಠ ನೆನಪಿದೆ?

ಸಹಾಯವಾಣಿಗೆ ಕರೆಮಾಡಿದವನು ಒಪ್ಪಿದರೆ ಅವನನ್ನು ಸಮೀಪದ ಆರೋಗ್ಯ ಕೇಂದ್ರದ ವೈದ್ಯರಿಗೆ ಒಪ್ಪಿಸುವ, ಆ ವೈದ್ಯರು ಗುಟ್ಟನ್ನು ಗುಟ್ಟಾಗಿಯೇ ಇಡುವ ಏರ್ಪಾಡು ಊರೂರಿಗೂ ಬೇಕು. ಆಶಾ ಕಾರ್ಯಕರ್ತೆಯರಿಗೆ, ಶಿಕ್ಷಕರಿಗೆ, ಸಹಕಾರ ಸಂಘದ ಕಾರ್ಯದರ್ಶಿಗಳಿಗೆ ಕೇಳುವ ಬಗೆಯನ್ನು ಕಲಿಸಬೇಕು. ‘ಸಾಯಬೇಕೆಂದು ಅನಿಸುತ್ತದೆಯೇ’ ಎಂದು ಮೃದುವಾಗಿ, ನೇರವಾಗಿ ಕೇಳಿದರೆ ಆ ಯೋಚನೆಯನ್ನು ಬಿತ್ತಿದಂತಾಗುವುದೆಂಬ ಭಯವು ನಿರಾಧಾರವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಸಾಲ ವಸೂಲಿಗೆ ಹೋಗುವ ನೌಕರರಿಗೂ ಈ ಪಾಠ ಸಲ್ಲತಕ್ಕದ್ದು. ಕುಗ್ಗಿದ ಮುಖವನ್ನು ಎಲ್ಲರಿಗಿಂತ ಮೊದಲು ಕಾಣುವವರು ಅವರೇ.

ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ನಿಗದಿತ ಮಂಗಳವಾರಗಳಂದು ಬರತಕ್ಕದ್ದೆಂದು ಮನೋಚೈತನ್ಯವೆಂಬ ಯೋಜನೆಯನ್ನು ನಮ್ಮ ರಾಜ್ಯವೇ ಮಾಡಿಕೊಂಡಿದೆ. ಆ ಮಂಗಳವಾರ ಯಾವುದು, ಬರುವ ವೈದ್ಯರು ಯಾರು ಎಂಬುದನ್ನೂ 14416 ಎಂಬ ಸಂಖ್ಯೆಯನ್ನೂ ಬಾದನಹಟ್ಟಿಯ ಪಂಚಾಯತಿಯ ಗೋಡೆಯ ಮೇಲೆ, ದಲಾಲಿ ಅಂಗಡಿಗಳ ಮುಂದೆ, ಬಸ್ ನಿಲ್ದಾಣದಲ್ಲಿ ದಪ್ಪ ಅಕ್ಷರಗಳಿಂದ ಬರೆಯಿಸಲು ಒಂದು ಡಬ್ಬಿ ಬಣ್ಣ ಸಾಕು. ಮುಂದಿನ ಮೆಣಸಿನಕಾಯಿಯ ಸುಗ್ಗಿಯೊಳಗಾಗಿ ಇದು ಆಗತಕ್ಕದ್ದೆಂದು ನಾವು ಜಿಲ್ಲಾಧಿಕಾರಿಗಳನ್ನೂ ಜಿಲ್ಲಾ ಆರೋಗ್ಯಾಧಿಕಾರಿಗಳನ್ನೂ ಕೇಳುತ್ತೇವೆ.