ಎಳೆಯುವ ಮುನ್ನ ನಿಲ್ಲಿಸಲು ಬರಬೇಕು

ಭತ್ತದ ಸುಗ್ಗಿಯ ದಿನಗಳಲ್ಲಿ ಸಂಜೆ ಹೊತ್ತು ಕುರುಗೋಡಿನಿಂದ ಸಿರುಗುಪ್ಪದ ಕಡೆಗೆ ಹೊರಟವರಿಗೆ ಒಂದು ನೋಟ ತಪ್ಪುವುದಿಲ್ಲ. ಚೀಲಗಳನ್ನು ಎತ್ತರಕ್ಕೆ ಒಟ್ಟಿಕೊಂಡ ಟ್ರ್ಯಾಕ್ಟರ್ ಟ್ರೇಲರ್‌ಗಳು ಒಂದರ ಹಿಂದೊಂದು ಅಕ್ಕಿ ಗಿರಣಿಗಳತ್ತ ಸಾಗುತ್ತಿರುತ್ತವೆ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗಳಲ್ಲಿ ಹರಿದು ಬಂದು ಈ ಎರೆ ನೆಲವನ್ನು ಭತ್ತದ ನಾಡಾಗಿಸಿತು. ಎತ್ತಿನ ಬಂಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಹೇರು ಹೆಚ್ಚಿತು, ವೇಗವೂ ಹೆಚ್ಚಿತು.

ಹಿಂದೊಮ್ಮೆ ಇಂಥದೇ ಸುಗ್ಗಿಯಲ್ಲಿ ಕುರುಗೋಡಿನ ಒಂದು ರಿಪೇರಿ ಅಂಗಡಿಯ ಮುಂದೆ ಕುಳಿತಿದ್ದೆ. ತಂದೆ, ಮಗ ಇಬ್ಬರೂ ಹೇರು ತುಂಬಿದ ಟ್ರೇಲರ್ ತಂದು ನಿಲ್ಲಿಸಿದರು. ಮಗ ಪಿ.ಯು.ಸಿ. ವಿಜ್ಞಾನದ ವಿದ್ಯಾರ್ಥಿ. ಟ್ರೇಲರ್‌ನ ಹಿಂದಿನ ದೀಪ ಮಿಣಮಿಣ ಎನ್ನುತ್ತಿತ್ತು. “ಬಲ್ಬು ಬದಲಿಸಿದ್ರೂ ಸರಿ ಹತ್ತವಲ್ದು ನೋಡಪ್ಪಾ” ಎಂದರು ತಂದೆ. ಮೆಕ್ಯಾನಿಕ್ ಬಲ್ಬನ್ನು ಮುಟ್ಟಲೇ ಇಲ್ಲ. ಒಂದು ತುಂಡು ವೈರನ್ನು ತೆಗೆದುಕೊಂಡು ಒಂದು ತುದಿಯನ್ನು ಟ್ರೇಲರ್‌ನ ಚಾಸಿಗೆ, ಇನ್ನೊಂದನ್ನು ಟ್ರ್ಯಾಕ್ಟರ್‌ನ ಬಾಡಿಗೆ ಒತ್ತಿ ಹಿಡಿದರು. ದೀಪ ಝಗ್ಗನೆ ಹೊತ್ತಿತು. “ಕರೆಂಟ್ ಹೋಗಾಕ ದಾರಿ ಐತಿ, ವಾಪಸ್ ಬರಾಕ ದಾರಿ ಇಲ್ಲ” ಎಂದು ನಕ್ಕರು. ಅರ್ತ್ ವೈರಿನ ಬೋಲ್ಟು ತುಕ್ಕು ಹಿಡಿದಿತ್ತು.

ಹುಡುಗ ಓಮ್‌ನ ನಿಯಮವನ್ನು ಪರೀಕ್ಷೆಗೆ ಓದಿದ್ದ. ಅದು ತನ್ನ ಮನೆಯ ಟ್ರೇಲರ್‌ನಲ್ಲೇ ಇದೆಯೆಂದು ಅವನಿಗೆ ಗೊತ್ತಾದದ್ದು ಅಂದು.

ದೀಪದ ಮಾತು ಹಾಗಿರಲಿ. ಬ್ರೇಕೇ ಇಂಥ ವೈರಿನ ಮೇಲೆ ನಿಂತಿದ್ದರೆ? ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ವಾಹನದ ಹಿಂದೆ ಕಟ್ಟಿಕೊಂಡು ಹೋಗುವ ಭಾರದ ಟ್ರೇಲರ್‌ಗಳಲ್ಲಿ ವಿದ್ಯುತ್ ಬ್ರೇಕ್ ಸಾಮಾನ್ಯ. ಅದರ ಕೆಲಸ ಸರಳ. ಚಕ್ರದ ಡ್ರಮ್ಮಿನೊಳಗೆ ಒಂದು ವಿದ್ಯುತ್ಕಾಂತ ಇರುತ್ತದೆ. ಚಾಲಕ ಬ್ರೇಕ್ ಒತ್ತಿದಾಗ ಅವನ ಬಳಿಯಿರುವ ನಿಯಂತ್ರಕದಿಂದ ಕರೆಂಟ್ ಹರಿದು ಕಾಂತ ಜಾಗೃತವಾಗುತ್ತದೆ. ತಿರುಗುವ ಡ್ರಮ್ಮಿಗೆ ಅಂಟಿಕೊಂಡು, ಅದರೊಡನೆ ತುಸು ಸರಿದು, ಒಂದು ಸನ್ನೆಯನ್ನು ಎಳೆಯುತ್ತದೆ. ಸನ್ನೆ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಚಕ್ರ ತಿರುಗುತ್ತಿದ್ದರೆ ಮಾತ್ರ ಈ ಬ್ರೇಕ್ ಹಿಡಿಯುತ್ತದೆ. ಆದ್ದರಿಂದ ನಿಂತ ಟ್ರೇಲರ್‌ನ ಗಾಲಿಗೆ ಅಲ್ಲಿಯೂ ಅಡ್ಡ ಕೊಡಲೇಬೇಕು.

ಈಗ ಒಂದು ಲೆಕ್ಕ ಮಾಡಿ. ಒಂದು ಕಾಂತದ ರೋಧ ಸುಮಾರು 4 ಓಮ್. 12 ವೋಲ್ಟ್ ಬ್ಯಾಟರಿಯಿಂದ ಅದಕ್ಕೆ 3 ಆಂಪಿಯರ್ ಹರಿಯಬೇಕು. ಎರಡು ಚಕ್ರದ ಎರಡು ಕಾಂತಗಳು ಸಮಾಂತರವಾಗಿ ಸೇರಿದಾಗ ಒಟ್ಟು ರೋಧ 2 ಓಮ್, ಕರೆಂಟ್ 6 ಆಂಪಿಯರ್. ಇಬ್ಬರಿಗೂ ಸೇರಿದ ಅರ್ತ್ ಬೋಲ್ಟಿನಲ್ಲಿ ತುಕ್ಕಿನಿಂದ ಕೇವಲ 1 ಓಮ್ ರೋಧ ಹುಟ್ಟಿತು ಎನ್ನೋಣ. ಆಗ ಒಟ್ಟು ರೋಧ 3 ಓಮ್, ಕರೆಂಟ್ 4 ಆಂಪಿಯರ್. ಅಂದರೆ ಕರೆಂಟಿನಲ್ಲಿ ಮೂರನೇ ಒಂದು ಪಾಲು ತುಕ್ಕಿಗೇ ಹೋಯಿತು! ಬ್ರೇಕ್ ಪೂರ್ತಿ ಸತ್ತಿಲ್ಲ, ಆದರೆ ಬೇಕಾದಾಗ ಹಿಡಿಯುವುದಿಲ್ಲ. ಖಾಲಿ ಟ್ರೇಲರ್ ನಿಲ್ಲುತ್ತದೆ. ಹೇರು ಬಿದ್ದ ದಿನ ಗುಟ್ಟು ರಟ್ಟಾಗುತ್ತದೆ.

ದೋಷ ಹುಡುಕುವುದಕ್ಕೂ ಒಂದು ಕ್ರಮವಿದೆ. ಎಲ್ಲ ಚಕ್ರಗಳೂ ಹಿಡಿಯದಿದ್ದರೆ ತಪ್ಪು ಎಲ್ಲರಿಗೂ ಸೇರಿದ ಜಾಗದಲ್ಲಿದೆ: ಬ್ಯಾಟರಿ, ಫ್ಯೂಸ್, ನಿಯಂತ್ರಕ, ಪ್ಲಗ್ ಅಥವಾ ಅರ್ತ್. ಒಂದೇ ಚಕ್ರ ಹಿಡಿಯದಿದ್ದರೆ ಆ ಚಕ್ರದ ವೈರು, ಆ ಕಾಂತವನ್ನು ನೋಡಬೇಕು. ಕರೆಂಟ್ ಸರಿಯಾಗಿ ಹರಿದೂ ಹಿಡಿತವಿಲ್ಲದಿದ್ದರೆ ದೋಷ ವಿದ್ಯುತ್ತಿನದಲ್ಲ. ಡ್ರಮ್ ತೆಗೆದು ನೋಡಿದರೆ ಗ್ರೀಸು ಸೋರಿ ಶೂ ಜಾರುತ್ತಿರಬಹುದು, ಶೂ ಸವೆದಿರಬಹುದು, ಹೊಂದಾಣಿಕೆ ಸಡಿಲವಾಗಿರಬಹುದು. ಊಹೆಯ ಮೇಲೆ ಒಂದೊಂದೇ ಸಾಮಾನು ಬದಲಿಸುತ್ತ ಹೋದರೆ ಜೇಬು ಖಾಲಿಯಾಗುತ್ತದೆ. ದೋಷ ಇದ್ದಲ್ಲೇ ಇರುತ್ತದೆ.

ನಮ್ಮ ಕಡೆಯ ಟ್ರೇಲರ್‌ಗಳ ಕಥೆ ಬೇರೆ. ಬಹಳಷ್ಟಕ್ಕೆ ಸ್ವಂತ ಬ್ರೇಕೇ ಇರುವುದಿಲ್ಲ. ಹಿಂದಿನ ಹೇರನ್ನೆಲ್ಲ ಟ್ರ್ಯಾಕ್ಟರ್‌ನ ಬ್ರೇಕೇ ನಿಲ್ಲಿಸಬೇಕು. ಭತ್ತದ ಚೀಲ 75 ಕಿಲೋ. 80 ಚೀಲ ಹೇರಿದರೆ 6 ಟನ್. ಟ್ರ್ಯಾಕ್ಟರ್ 2 ಟನ್, ಖಾಲಿ ಟ್ರೇಲರ್ 2 ಟನ್ ಎಂದುಕೊಂಡರೆ ಒಟ್ಟು 10 ಟನ್. ಗಂಟೆಗೆ 30 ಕಿ.ಮೀ. ವೇಗದಲ್ಲಿ ಬರಿಯ ಟ್ರ್ಯಾಕ್ಟರ್ ಬ್ರೇಕ್ ಒತ್ತಿದ 8 ಮೀಟರ್‌ನಲ್ಲಿ ನಿಂತರೆ, ಅದೇ ಬ್ರೇಕಿನ ಬಲಕ್ಕೆ ಐದರಷ್ಟು ತೂಕವನ್ನು ನಿಲ್ಲಿಸಲು ಐದರಷ್ಟು ದೂರ, ಅಂದರೆ 40 ಮೀಟರ್ ಬೇಕು. ಕಂಡು ಕಾಲೊತ್ತಲು ಹಿಡಿಯುವ ಒಂದು ಸೆಕೆಂಡಿನಲ್ಲಿ ಇನ್ನೂ 8 ಮೀಟರ್ ಮುಂದೆ ಹೋಗಿರುತ್ತೇವೆ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದು ನಿಲ್ಲುವ ದೂರ ನಾಲ್ಕರಷ್ಟಾಗುತ್ತದೆ. ಕಾಲುವೆಯ ಏರಿಯಿಂದ ಇಳಿಯುವಾಗ ಇಳಿಜಾರೂ ಟ್ರೇಲರ್‌ನ ಪಕ್ಷವನ್ನೇ ವಹಿಸುತ್ತದೆ. ಟ್ರ್ಯಾಕ್ಟರ್ ನಿಲ್ಲುತ್ತೇನೆ ಎನ್ನುತ್ತದೆ, ಟ್ರೇಲರ್ ಹಿಂದಿನಿಂದ ನೂಕಿ ಅದನ್ನು ಅಡ್ಡ ತಿರುಗಿಸುತ್ತದೆ.

ಅಂದು ಮೆಕ್ಯಾನಿಕ್ ದೀಪ ಸರಿ ಮಾಡಿದ ಮೇಲೆ ಟ್ರ್ಯಾಕ್ಟರ್‌ನ ಪೆಡಲ್‌ಗಳ ಮೇಲೆ ಕಣ್ಣು ಹಾಯಿಸಿದರು. ಟ್ರ್ಯಾಕ್ಟರ್‌ನಲ್ಲಿ ಎಡಗಾಲಿಗೊಂದು, ಬಲಗಾಲಿಗೊಂದು ಬ್ರೇಕ್ ಪೆಡಲ್ ಇರುತ್ತದೆ. ಹೊಲದ ತಿರುವಿನಲ್ಲಿ ಒಂದನ್ನೇ ಒತ್ತಿ ಗಕ್ಕನೆ ತಿರುಗಿಸಲು ಈ ಏರ್ಪಾಡು. ರಸ್ತೆಗೆ ಬರುವಾಗ ಎರಡನ್ನೂ ಕೊಂಡಿ ಹಾಕಿ ಸೇರಿಸಬೇಕು. ಆ ಕೊಂಡಿ ಬಿಚ್ಚಿಯೇ ಇತ್ತು. “ಹಿಂಗ ಬಂದೀಯೇನಪ್ಪಾ ತಮ್ಮಾ?” ಎಂದು ಕೇಳಿದಾಗ ಹುಡುಗನ ಮುಖ ಸಣ್ಣದಾಯಿತು. ಅಷ್ಟು ಹೇರಿನೊಡನೆ ಒಂದೇ ಪೆಡಲ್ ಒತ್ತಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಆಗುತ್ತಿತ್ತು. ಅದು ಗಾದೆ, ಇಲ್ಲಿ ಪಕ್ಕದಲ್ಲೇ ಕಾಲುವೆ!

ಹೇರು ಹೊರುವ ಮುನ್ನ, ಟ್ರೇಲರ್ ಖಾಲಿಯಿರುವಾಗಲೇ ಹತ್ತು ನಿಮಿಷ ಕೊಡಿ. ಪೆಡಲ್‌ಗಳನ್ನು ಕೊಂಡಿ ಹಾಕಿ ಒತ್ತಿ ನೋಡಿ. ಎರಡೂ ಕಡೆ ಹಿಡಿತ ಸಮನಾಗಿರಲಿ. ಹುಕ್ಕಿನ ಪಿನ್ನು, ಅದರ ಲಾಕು, ಸುರಕ್ಷತೆಯ ಸರಪಳಿ ನೋಡಿ. ಗದ್ದೆಯ ಕೆಸರು, ನೀರು ಹೊಕ್ಕ ಬ್ರೇಕು ಒಣಗುವವರೆಗೆ ಹಿಡಿಯದೆ ಹೋಗಬಹುದು. ದೀಪ, ಕೆಂಪು ರಿಫ್ಲೆಕ್ಟರ್ ಒರೆಸಿ. ಸಮತಟ್ಟಾದ ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ಬ್ರೇಕ್ ಒತ್ತಿ. ಹೇರಿದ ಮೇಲೆ ಇನ್ನೊಮ್ಮೆ ಒತ್ತಿ ನೋಡಿ. ಒಂದು ಕಡೆಗೆ ಎಳೆದರೆ ಅಲ್ಲೇ ನಿಲ್ಲಿಸಿ. ಇಳಿಜಾರಿನಲ್ಲಿ ಸಣ್ಣ ಗೇರ್ ಇರಲಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿದರೆ ಎಂಜಿನ್ ಕೊಡುವ ತಡೆಯನ್ನೂ ಕಳೆದುಕೊಂಡಂತೆ.

ಪಾಲಕರಿಗೂ ಒಂದು ಮಾತು. ಮಗ ಟ್ರ್ಯಾಕ್ಟರ್ ಹೊಡೆಯುವುದನ್ನು ನೋಡಿ ಹೆಮ್ಮೆಪಡುವುದು ಸಹಜ. ಆದರೆ ರಸ್ತೆಯಲ್ಲಿ ಓಡಿಸಲು 18 ವರ್ಷ ತುಂಬಿ ಲೈಸೆನ್ಸ್ ಇರಬೇಕು. 2019ರ ಮೋಟಾರು ವಾಹನ ತಿದ್ದುಪಡಿಯಂತೆ ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪಾಲಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಬೀಳಬಹುದು. ದಂಡವನ್ನಾದರೂ ಕಟ್ಟಬಹುದು, ಹೇರಿನ ಮೇಲೆ ಕುಳಿತ ಮಕ್ಕಳಿಗೆ ಬೆಲೆ ಕಟ್ಟಲಾಗದು. ಶಾಲೆಗೆ ರಜೆ ಇದೆಯೆಂದು ಚೀಲದ ಮೇಲೆ ಕೂರಿಸಿ ಕಳುಹಿಸಬೇಡಿ.

ಹುಡುಗನಿಗೆ ಪರೀಕ್ಷಿಸುವ ಕೆಲಸ ಕೊಡಿ. ಮಲ್ಟಿಮೀಟರ್ ಹಿಡಿದು ಅರ್ತ್ ನೋಡಲಿ, ಕೊಂಡಿ ಹಾಕಲಿ, ಸರಪಳಿ ಬಿಗಿಯಲಿ. ಅಂದು ಕುರುಗೋಡಿನಲ್ಲಿ ಆದದ್ದೂ ಅದೇ. ಗಾಲಿಗೆ ಕಲ್ಲು ಕೊಟ್ಟು, ಕೊಂಡಿ ಹಾಕಿ, ಮೂರು ಸಲ ಒತ್ತಿ ನೋಡಿದವನು ಮಗ. ಕಲ್ಲು ಕೊಟ್ಟ ಟ್ರೇಲರ್ ಆ ಊರಿನ ದೊಡ್ಡಬಸವಣ್ಣನ ಹಾಗೆ ಅಲುಗದೆ ಕೂತಿತ್ತು. ಆಮೇಲೆ ಕಲ್ಲು ತೆಗೆದು ಮಗ ಪಕ್ಕಕ್ಕೆ ಸರಿದ. ತಂದೆ ಸೀಟಿಗೆ ಹತ್ತಿ ಸಿರುಗುಪ್ಪದ ದಾರಿ ಹಿಡಿದರು.